ಹಳೆಯ ಮಾನಿಟರಿನಲ್ಲಿ ನಮ್ಮ ಅಕ್ಷರ



ನಮ್ಮ ಜತ್ತ ತಾಲ್ಲೂಕಿನ ಪೂರ್ವಭಾಗದ ಊರುಗಳಲ್ಲಿ, ಕರಜಗಿ ಇರಲಿ, ಉಮದಿ ಇರಲಿ, ಸಂಖ ಇರಲಿ, ಎರಡು ಲಿಪಿ ಓದದೆ ದಿನ ಕಳೆಯುವ ಹಾಗಿಲ್ಲ. ಶಾಲೆಗೆ ಹೋಗುವ ಹುಡುಗನ ಪುಸ್ತಕ ಕನ್ನಡದಲ್ಲಿ ಇರುತ್ತದೆ, ಅವನ ತಂದೆಯ ಹೊಲದ ಸಾತಬಾರಾ ಉತಾರ ಮರಾಠಿಯಲ್ಲಿ ಇರುತ್ತದೆ. ಗಡಿ ದಾಟಿ ಇಂಡಿಯ ಕಡೆ ಹೆಂಡತಿಯ ತವರಿನ ಜಮೀನು ಇದ್ದರೆ ಅದರ ಪಹಣಿ ಮತ್ತೆ ಕನ್ನಡದಲ್ಲಿಯೇ. ಮೊದಲು ಇವನ್ನೆಲ್ಲ ಕಾಗದದ ಮೇಲೆ ಓದುತ್ತಿದ್ದೆವು. ಈಗ ಕಾಗದಕ್ಕೆ ಇಳಿಯುವ ಮುಂಚೆ ಇವೆಲ್ಲ ಕಂಪ್ಯೂಟರಿನ ಪಡದೆಯ ಮೇಲೆ ಮೂಡುತ್ತವೆ. ಆ ಪಡದೆಗೆ ಮಾನಿಟರ್ ಎನ್ನುತ್ತಾರೆ. ಇಂದಿನ ಮಾತು ಈ ಮಾನಿಟರಿನದು. ಅದರಲ್ಲಿಯೂ ಹಳೆಯ ಮಾನಿಟರನ್ನು ನೋಡಿ ಕೊಳ್ಳುವುದು, ಕೊಂಡ ಮೇಲೆ ಮನೆಯಲ್ಲಿ ಬಾಳಿಸುವುದು.

ಹೊಸದನ್ನೇ ಕೊಳ್ಳಿರಿ ಎಂದು ಹೇಳಲು ನಾಲಿಗೆಗೆ ಖರ್ಚಿಲ್ಲ. ಆದರೆ ಮಳೆ ಕೈಕೊಟ್ಟ ವರ್ಷ ಬೀಜಕ್ಕೇ ಹಣ ಹೊಂದಿಸುವುದು ಕಷ್ಟವಾಗುವ ನೆಲ ನಮ್ಮದು. ಇನ್ನು ಕೆಲವರು ಕೈಯಲ್ಲಿ ಮೊಬೈಲ್ ಇರುವಾಗ ಮಾನಿಟರ್ ಏತಕ್ಕೆ ಎನ್ನುತ್ತಾರೆ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಅಂಗೈಯಗಲದ ಪಡದೆಯಲ್ಲಿ ಮಕ್ಕಳು ಪಾಠ ಕೇಳಿದ್ದನ್ನು ನಾವೆಲ್ಲ ನೋಡಿದ್ದೇವೆ. ಮೊಬೈಲ್ ನೋಡಲಿಕ್ಕೆ ಸಾಕು. ಎರಡು ತಾಸು ಕುಳಿತು ಓದಲಿಕ್ಕೆ, ಒಂದು ಅರ್ಜಿಯನ್ನು ನೆಟ್ಟಗೆ ಬರೆಯಲಿಕ್ಕೆ, ಹಾಲಿನ ಸಂಘದ ಲೆಕ್ಕ ತಾಳೆ ನೋಡಲಿಕ್ಕೆ ಸಾಲದು. ಪಡದೆ ಒಡೆದು ಅಟ್ಟ ಸೇರಿದ ಲ್ಯಾಪ್‌ಟಾಪ್ ಮನೆಯಲ್ಲಿದ್ದರೆ ಅದಕ್ಕೂ ಒಂದು ಹಳೆಯ ಮಾನಿಟರ್ ಜೋಡಿಸಿ ಮತ್ತೆ ಕೆಲಸಕ್ಕೆ ಹಚ್ಚಬಹುದು. ಅಲ್ಲದೆ ಹಳೆಯ ಮಾನಿಟರುಗಳಿಗೆ ಬರವಿಲ್ಲ. ಮೈಕ್ರೋಸಾಫ್ಟ್ ಕಂಪನಿ ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಬೆಂಬಲವನ್ನು 2025ರ ಅಕ್ಟೋಬರ್ 14ಕ್ಕೆ ಮುಗಿಸಿತು. ಕಚೇರಿಗಳು ಇಂಥ ಕಾರಣಕ್ಕೆ ಕಂಪ್ಯೂಟರ್ ಬದಲಿಸುವಾಗ ಅದರ ಜೊತೆಗೆ ಮಾನಿಟರನ್ನೂ ಹೊರಗೆ ಹಾಕುತ್ತವೆ. ಪಾಪ, ಮಾನಿಟರಿಗೂ ವಿಂಡೋಸಿಗೂ ಏನು ಸಂಬಂಧ? ಗಂಡನ ಸಾಲಕ್ಕೆ ಹೆಂಡತಿಯ ಕೊಡ ಜಪ್ತಿ ಮಾಡಿದ ಹಾಗೆ.

ಹಳೆಯ ಮಾನಿಟರ್ ಎಂದರೆ ಒಂದೇ ಜಾತಿಯಲ್ಲ. ಎತ್ತು ಕೊಳ್ಳುವವರು ಮೊದಲು ಬಾಯಿ ತೆರೆದು ಹಲ್ಲು ನೋಡುತ್ತಾರೆ. ಮಾನಿಟರಿನ ವಯಸ್ಸು ಅದರ ಬೆನ್ನ ಮೇಲಿರುತ್ತದೆ. ಅಲ್ಲಿ ಅಂಟಿಸಿದ ಚೀಟಿಯಲ್ಲಿ ಮಾದರಿಯ ಸಂಖ್ಯೆ, ಎಷ್ಟು ವೋಲ್ಟಿನಲ್ಲಿ ನಡೆಯುತ್ತದೆ ಎಂಬುದು, ಬಹಳಷ್ಟು ಸಲ ತಯಾರಾದ ತಿಂಗಳು, ವರ್ಷ ಅಚ್ಚಾಗಿರುತ್ತವೆ. ಚೀಟಿ ಕಿತ್ತುಹಾಕಿದ ಮಾನಿಟರನ್ನು ನಾನಂತೂ ಮುಟ್ಟುವುದಿಲ್ಲ.

ಎಲ್ಲಕ್ಕಿಂತ ಹಿರಿಯದು ಹೊಟ್ಟೆ ಹಿಂದಕ್ಕೆ ಬೆಳೆದ ಡಬ್ಬಾ ಮಾನಿಟರ್. ಕಾರ್ಲ್ ಫರ್ಡಿನಾಂಡ್ ಬ್ರೌನ್ ಎಂಬ ಜರ್ಮನ್ ವಿಜ್ಞಾನಿ 1897ರಲ್ಲಿ ಮಾಡಿದ ಕೊಳವೆಯ ವಂಶ ಇದು. ಗಾಜಿನ ದೊಡ್ಡ ಬುರುಡೆಯಿಂದ ಗಾಳಿಯನ್ನೆಲ್ಲ ತೆಗೆದಿರುತ್ತಾರೆ. ಕುತ್ತಿಗೆಯಿಂದ ಹೊರಟ ಎಲೆಕ್ಟ್ರಾನುಗಳು ಮುಂದಿನ ಗಾಜಿನ ಒಳಮೈಗೆ ಬಡಿದು, ಅಲ್ಲಿ ಬಳಿದ ಫಾಸ್ಫರ್ ಪುಡಿಯನ್ನು ಬೆಳಗಿಸುತ್ತವೆ. ಬಣ್ಣದ ಮಾನಿಟರಿನಲ್ಲಿ ಕೆಂಪು, ಹಸಿರು, ನೀಲಿಗೆ ಒಂದೊಂದರಂತೆ ಮೂರು ಬಂದೂಕು. ಹದಿನೈದು ಇಂಚಿನದೇ 12ರಿಂದ 14 ಕಿಲೋ ತೂಗುತ್ತದೆ. ಇನ್ನು ವಿದ್ಯುತ್ತು. ಹದಿನೇಳು ಇಂಚಿನ ಡಬ್ಬಾ ಸುಮಾರು 80 ವ್ಯಾಟ್ ಎಳೆಯುತ್ತದೆ, ಹದಿನೆಂಟೂವರೆ ಇಂಚಿನ ಎಲ್.ಇ.ಡಿ. ಮಾನಿಟರ್ ಸುಮಾರು 20 ವ್ಯಾಟ್. ದಿನಕ್ಕೆ ಆರು ತಾಸು ನಡೆಸಿದರೆ ತಿಂಗಳಿಗೆ ಒಂದು ಹದಿನಾಲ್ಕೂವರೆ ಯೂನಿಟ್ ತಿನ್ನುತ್ತದೆ, ಇನ್ನೊಂದು ನಾಲ್ಕು ಯೂನಿಟ್ಟೂ ಮುಟ್ಟುವುದಿಲ್ಲ. ಲೈಟು ಹೋಗಿ ಇನ್ವರ್ಟರ್ ಮೇಲೆ ನಡೆಸುವಾಗ ಈ ಅಂತರ ಬ್ಯಾಟರಿಗೆ ಗೊತ್ತಾಗುತ್ತದೆ. ಡಬ್ಬಾ ಮಾನಿಟರನ್ನು ಯಾರಾದರೂ ಪುಕ್ಕಟೆ ಕೊಡುತ್ತೇನೆಂದರೂ ಈಗ ತರಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಮನೆಯಲ್ಲಿ ಮೊದಲಿನಿಂದ ಇದ್ದು ನಡೆಯುತ್ತಿದ್ದರೆ ಮಾತು ಬೇರೆ. ಅದಕ್ಕೆ ಮುಂದೆ ಬರುತ್ತೇನೆ.

ಅದರ ನಂತರ ಬಂದದ್ದು ಎಲ್.ಸಿ.ಡಿ. ಎಂಬ ಚಪ್ಪಟೆ ಮಾನಿಟರ್. ಇದರಲ್ಲಿ ಪಡದೆಯ ಚುಕ್ಕೆಗಳು ತಾವೇ ಬೆಳಗುವುದಿಲ್ಲ. ಹಿಂದೆ ಒಂದು ದೀಪ ಇರುತ್ತದೆ, ಚುಕ್ಕೆಗಳು ಆ ಬೆಳಕನ್ನು ತಡೆದು ಬಿಟ್ಟು ಮಾಡುತ್ತವೆ. ಮೊದಮೊದಲು ಆ ದೀಪ ಪೆನ್ಸಿಲ್ಲಿಗಿಂತ ತೆಳ್ಳಗಿನ ಟ್ಯೂಬ್‌ಲೈಟ್ ಆಗಿತ್ತು. ಸುಮಾರು 2010ರಿಂದ ಈಚೆಗೆ ಅದರ ಜಾಗಕ್ಕೆ ಎಲ್.ಇ.ಡಿ. ಬಂತು. ಪೇಟೆಯಲ್ಲಿ ಎಲ್.ಇ.ಡಿ. ಮಾನಿಟರ್ ಎಂದು ಕರೆಯುವುದು ಇದನ್ನೇ. ಪಡದೆ ಅದೇ, ಹಿಂದಿನ ದೀಪ ಮಾತ್ರ ಬೇರೆ. ಟ್ಯೂಬಿನದಾದರೆ ಹಚ್ಚಿದಾಗ ಮಂಕಾಗಿ ಆರಂಭವಾಗಿ ನಿಧಾನವಾಗಿ ಏರುತ್ತದೆ. ಮುದಿಯಾದ ಟ್ಯೂಬು ಬಿಳಿಯ ಹಾಳೆಯನ್ನು ಹಳದಿಗೆ ಇಲ್ಲವೆ ನಸುಗೆಂಪಿಗೆ ತಿರುಗಿಸುತ್ತದೆ.

ಇಷ್ಟು ಜಾತಿ ವಿವರ ಸಾಕು. ಅಂಗಡಿಯವನು ತನ್ನ ಮಾಲು ತೋರಿಸುವಾಗ ಹೂವಿನ ಚಿತ್ರ, ಜಲಪಾತ, ಇಲ್ಲವೆ ಸಿನಿಮಾದ ಹಾಡು ಹಾಕುತ್ತಾನೆ. ಹಾಡಿನಲ್ಲಿ ಎಲ್ಲ ಮಾನಿಟರೂ ಚೆಂದವೇ. ನಾವು ಪಡದೆಯನ್ನು ಪರೀಕ್ಷೆ ಮಾಡಬೇಕಾದದ್ದು ನಮ್ಮ ಅಕ್ಷರದಿಂದ.

ಇದಕ್ಕೆ ಕಾರಣವಿದೆ. ಮಾನಿಟರ್ ಎಂದರೆ ಚುಕ್ಕೆ ಇಟ್ಟು ಬರೆಯುವ ರಂಗೋಲಿ. ಎಷ್ಟು ಚುಕ್ಕೆ ಇವೆಯೋ ಅಷ್ಟರಲ್ಲಿಯೇ ಗೆರೆ ತಿರುಗಬೇಕು. ಇಂಗ್ಲಿಷ್ ಅಕ್ಷರಗಳಿಗೆ ಕಡಿಮೆ ಚುಕ್ಕೆ ಸಾಕು, ಎಲ್ಲ ಒಂದೇ ಸಾಲಿನಲ್ಲಿ ಕುಳಿತುಬಿಡುತ್ತವೆ. ಡಾಸ್ ಕಾಲದ ವಿ.ಜಿ.ಎ. ಪಡದೆಯಲ್ಲಿ 80 ಅಕ್ಷರದ 25 ಸಾಲು ಹಿಡಿಯುತ್ತಿದ್ದವು, ಒಂದೊಂದು ಅಕ್ಷರಕ್ಕೆ 9 ಚುಕ್ಕೆ ಅಗಲ, 16 ಚುಕ್ಕೆ ಎತ್ತರದ ಮನೆ. ಅಷ್ಟು ಚಿಕ್ಕ ಮನೆಯಲ್ಲಿ ಕನ್ನಡದ ಅಕ್ಷರ ತಲೆಕಟ್ಟು, ಗುಣಿತ, ಕೆಳಗಿನ ಒತ್ತು ಎಲ್ಲ ಕಟ್ಟಿಕೊಂಡು ಕುಳಿತುಕೊಳ್ಳುವುದು ಹೇಗೆ? ಈ ಕಷ್ಟ ಬಿಡಿಸಿದ ಒಂದು ಕೆಲಸ ನಡೆದದ್ದು ನಮ್ಮ ರಾಜ್ಯದ ಪುಣೆಯಲ್ಲಿ. ಕಾನಪುರದ ಐ.ಐ.ಟಿ.ಯಲ್ಲಿ ಹುಟ್ಟಿ, 1988ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಿ-ಡ್ಯಾಕ್ ಸಂಸ್ಥೆಯಲ್ಲಿ ಬೆಳೆದ ಜಿಸ್ಟ್ ಕಾರ್ಡನ್ನು ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂಡಿಸಿದರೆ ಅದೇ ಪಡದೆಯ ಮೇಲೆ ಭಾರತೀಯ ಲಿಪಿಗಳು ಮೂಡುತ್ತಿದ್ದವು. ಕನ್ನಡಕ್ಕೆ ಬೇರೆ, ಮರಾಠಿಗೆ ಬೇರೆ ಯಂತ್ರ ಬೇಕಾಗಲಿಲ್ಲ. ಅದರೊಡನೆ ಹೆಸರಾದ ಇನ್‌ಸ್ಕ್ರಿಪ್ಟ್ ಕೀಲಿಮಣೆಯಲ್ಲಿ ಕನ್ನಡದ ಕ ಮೂಡಿಸುವ ಕೀಲಿಯೇ ಮರಾಠಿಯ ಕ ಮೂಡಿಸುತ್ತದೆ. ಬೆರಳು ಒಂದು ಕಲಿತರೆ ಎರಡು ಭಾಷೆ ಬರೆಯುತ್ತದೆ. ಗಡಿಯವರಾದ ನಮಗೆ ಇಂದಿಗೂ ಇದಕ್ಕಿಂತ ಒಳ್ಳೆಯ ಕೀಲಿಮಣೆ ಇಲ್ಲ. ಅದು ಬೇರೊಂದು ದಿನದ ಮಾತು.

ಚುಕ್ಕೆ ಈಗ ಬೇಕಾದಷ್ಟಿವೆ. ಆದರೆ ಹಳೆಯ ಮಾನಿಟರಿನಲ್ಲಿ ಆ ಚುಕ್ಕೆಗಳು ಕಲಸಿಹೋಗಿರಬಹುದು, ಮಂಕಾಗಿರಬಹುದು. ಇಂಗ್ಲಿಷ್ ಓದುವವನಿಗೆ ಅದು ಗೊತ್ತಾಗುವ ಮೊದಲೇ ಕನ್ನಡ ಓದುವವನಿಗೆ ಗೊತ್ತಾಗುತ್ತದೆ. ನಮ್ಮಲ್ಲಿ ಒಂದು ಚಿಕ್ಕ ಸೀಳು ಬಿದ್ದರೆ ದ ಹೋಗಿ ಧ ಆಗುತ್ತದೆ, ಪ ಹೋಗಿ ಫ ಆಗುತ್ತದೆ. ಆ ಸೀಳು ಪಡದೆಯಲ್ಲಿ ಮುಚ್ಚಿಹೋದರೆ ಧನವೆಲ್ಲ ದನವಾಗುತ್ತದೆ. ಒತ್ತು ಕಾಣದಿದ್ದರೆ ಕತ್ತೆಯೆಲ್ಲ ಕತೆ. ನಗುವ ಮಾತಲ್ಲ, ಅಕ್ಷರ ಈಗಷ್ಟೆ ಕಲಿಯುತ್ತಿರುವ ಮಗು ಪಡದೆಯಲ್ಲಿ ಕಂಡದ್ದನ್ನೇ ಅಕ್ಷರ ಎಂದು ನಂಬುತ್ತದೆ.

ಆದ್ದರಿಂದ ಪೇಟೆಗೆ ಹೋಗುವಾಗ ಮಗುವಿನ ಪುಸ್ತಕದ ಒಂದು ಪಾಠವನ್ನು ಪೆನ್ ಡ್ರೈವಿನಲ್ಲಿ ಒಯ್ಯಿರಿ. ಅದನ್ನು ಪುಸ್ತಕದಲ್ಲಿ ಇರುವಷ್ಟೇ ದಪ್ಪ ಅಕ್ಷರದಲ್ಲಿ ತೆರೆದು ಒಂದು ತೋಳಿನಷ್ಟು ದೂರ ಕುಳಿತು ಓದಿರಿ. ಪಾಠ ಸಿಗದಿದ್ದರೆ ಒಂದೇ ಒಂದು ಶಬ್ದ ಬರೆಯಿಸಿ ನೋಡಿರಿ: ಮಹಾರಾಷ್ಟ್ರ. ನಮ್ಮ ರಾಜ್ಯದ ಹೆಸರಿನ ಕೊನೆಯ ಅಕ್ಷರದಲ್ಲಿ ಷ ಇದೆ, ಅದಕ್ಕೆ ಟ ಒತ್ತು, ಅದಕ್ಕೆ ಮತ್ತೆ ರ ಒತ್ತು. ಅದರ ಕೆಳಗೆ ಅದನ್ನೇ ಮರಾಠಿಯಲ್ಲಿ ಬರೆಯಿಸಿರಿ. ಅಲ್ಲಿಯೂ ಈ ಅಕ್ಷರ ಇಕ್ಕಟ್ಟಿನದೇ. ಎರಡೂ ಬಿಡಿಬಿಡಿಯಾಗಿ ಓದಲು ಬಂದರೆ ಪಡದೆ ಪಾಸು. ಪಡದೆಯ ನಡುವೆ ಮಾತ್ರ ನೋಡಬೇಡಿರಿ, ನಾಲ್ಕು ಮೂಲೆಗೂ ಆ ಶಬ್ದವನ್ನು ಒಯ್ದು ನೋಡಿರಿ.

ಒಂದು ಎಚ್ಚರಿಕೆ. ಚಪ್ಪಟೆ ಮಾನಿಟರಿಗೆ ಹುಟ್ಟಿನಿಂದ ಬಂದ ಚುಕ್ಕೆಗಳ ಲೆಕ್ಕ ಒಂದು ಇರುತ್ತದೆ. ಹದಿನೇಳು ಇಂಚಿನ ಚೌಕದ್ದಕ್ಕೆ ಸಾಮಾನ್ಯವಾಗಿ 1280 ಅಡ್ಡ, 1024 ಉದ್ದ. ಹದಿನೆಂಟೂವರೆಯ ಅಗಲದ್ದಕ್ಕೆ 1366 ಅಡ್ಡ, 768 ಉದ್ದ. ಕಂಪ್ಯೂಟರಿನಲ್ಲಿ ಬೇರೆ ಲೆಕ್ಕ ಇಟ್ಟಿದ್ದರೆ, ಹದಿಮೂರು ಚುಕ್ಕೆಯ ಮೇಲೆ ಹನ್ನೊಂದು ಚುಕ್ಕೆಯ ರಂಗೋಲಿ ಎಳೆದಂತೆ ಗೆರೆ ಎಲ್ಲ ಮಸುಕಾಗುತ್ತದೆ. ಒಳ್ಳೆಯ ಮಾನಿಟರನ್ನು ಇದೊಂದೇ ಕಾರಣಕ್ಕೆ ಕೆಟ್ಟದ್ದೆಂದು ಬಿಟ್ಟು ಬರುವವರಿದ್ದಾರೆ. ಮೊದಲು ಆ ಲೆಕ್ಕ ಸರಿಮಾಡಿಸಿ, ಆಮೇಲೆ ನೋಡಿರಿ.

ಈ ಚೌಕ ಮತ್ತು ಅಗಲದ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಹಳೆಯದು ಹೊಸದಕ್ಕಿಂತ ಮೇಲಾಗುವ ಜಾಗ ಇದು. ಇಂಚು ಅಳೆಯುವುದು ಮೂಲೆಯಿಂದ ಮೂಲೆಗೆ. ಹದಿನೆಂಟೂವರೆ ಇಂಚಿನ ಅಗಲ ಪಡದೆಯ ಎತ್ತರ 23 ಸೆಂಟಿಮೀಟರ್ ಮಾತ್ರ. ಹದಿನೇಳು ಇಂಚಿನ ಚೌಕದ್ದು 27 ಸೆಂಟಿಮೀಟರ್. ಹತ್ತೊಂಬತ್ತು ಇಂಚಿನ ಚೌಕದ್ದು 30 ಸೆಂಟಿಮೀಟರ್. ನಾವು ಅರ್ಜಿ ಬರೆಯುವ ಎ-4 ಹಾಳೆಯ ಉದ್ದ 29.7 ಸೆಂಟಿಮೀಟರ್. ಅಂದರೆ ಹತ್ತೊಂಬತ್ತರ ಹಳೆಯ ಚೌಕ ಪಡದೆಗೆ ಒಂದು ಇಡೀ ಹಾಳೆಯನ್ನು ಇದ್ದಷ್ಟೇ ಗಾತ್ರದಲ್ಲಿ ಹಿಡಿಯುವಷ್ಟು ಎತ್ತರ ಇದೆ. ಅಗಲ ಪಡದೆ ಸಿನಿಮಾಕ್ಕೆ ಹುಟ್ಟಿದ್ದು, ಅದರಲ್ಲಿ ಹಾಳೆಯನ್ನು ಮೇಲೆ ಕೆಳಗೆ ಸರಿಸುತ್ತಲೇ ಇರಬೇಕು. ಓದು ಬರಹಕ್ಕೆ ಕೊಳ್ಳುವವರು ಹತ್ತೊಂಬತ್ತು ಇಂಚಿನ ಚೌಕ ಸಿಕ್ಕರೆ ಬಿಡಬೇಡಿರಿ. ಅಂಗಡಿಯವರು ಇದನ್ನು ಹಳೇ ಫ್ಯಾಶನ್ ಎಂದು ಮೂಲೆಗೆ ಸರಿಸಿರುತ್ತಾರೆ. ಅದು ನಮಗೆ ಅನುಕೂಲ, ಬೆಲೆ ಇಳಿಯುತ್ತದೆ.

ಪಡದೆ ಓದಲು ಬರುವುದು ಇಷ್ಟು ದೊಡ್ಡ ಮಾತು ಏಕೆ? ಅದರ ಮೇಲೆ ಮೂಡುವುದು ಬರಿಯ ಪಾಠ ಅಲ್ಲ. ನಮ್ಮ ಹೆಸರು, ನಮ್ಮ ಸರ್ವೆ ನಂಬರು, ನಮ್ಮ ಎಕರೆ ಗುಂಟೆ, ಹೆಕ್ಟೇರು ಆರ್. ಕರ್ನಾಟಕದಲ್ಲಿ 2000ದ ಆಸುಪಾಸಿನಲ್ಲಿ ಭೂಮಿ ಎಂಬ ಯೋಜನೆ ನಡೆಯಿತು. ರಾಜೀವ್ ಚಾವ್ಲಾ ಎಂಬ ಐ.ಎ.ಎಸ್. ಅಧಿಕಾರಿಯ ಮುಂದಾಳುತನದಲ್ಲಿ 67 ಲಕ್ಷ ಜಮೀನುದಾರರ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿ, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿಗೆ ಪಹಣಿ ಕೊಡಲು ಆರಂಭಿಸಿದರು. ಅದರಲ್ಲಿ ನನಗೆ ಮೆಚ್ಚುಗೆಯಾದದ್ದು ಒಂದು ಸಣ್ಣ ಏರ್ಪಾಡು. ಆ ಕಿಟಕಿಯಲ್ಲಿ ಎರಡು ಮಾನಿಟರ್ ಇಟ್ಟಿದ್ದರು. ಒಂದರ ಮುಖ ಕೆಲಸ ಮಾಡುವ ಗುಮಾಸ್ತನ ಕಡೆಗೆ, ಇನ್ನೊಂದರ ಮುಖ ಹೊರಗೆ ನಿಂತ ರೈತನ ಕಡೆಗೆ. ಗುಮಾಸ್ತ ಏನು ತೆರೆದ, ಏನು ತಿದ್ದಿದ ಎಂಬುದು ರೈತನಿಗೂ ಆಗಲೇ ಕಾಣುತ್ತಿತ್ತು. ಕಾಗದದ ಖಾತೆಪುಸ್ತಕ ಇದ್ದ ಕಾಲದಲ್ಲಿ ಆ ಪುಸ್ತಕದ ಮುಖ ಯಾವಾಗಲೂ ಅಧಿಕಾರಿಯ ಕಡೆಗೇ ಇರುತ್ತಿತ್ತಲ್ಲವೆ?

ನಮ್ಮ ಮಹಾರಾಷ್ಟ್ರದಲ್ಲಿಯೂ ಸಾತಬಾರಾ ಈಗ ಇಂಟರ್ನೆಟ್ಟಿನಲ್ಲಿ ಸಿಗುತ್ತದೆ, ಡಿಜಿಟಲ್ ಸಹಿ ಸಮೇತ. ಊರ ಸೇವಾಕೇಂದ್ರದಲ್ಲಿ ಕುಳಿತ ಹುಡುಗ ತೆಗೆದುಕೊಡುತ್ತಾನೆ. ಇಂಥ ಕೇಂದ್ರ ನಡೆಸುವ ನಮ್ಮ ತಮ್ಮಂದಿರಿಗೆ ಒಂದು ಮಾತು ಹೇಳುತ್ತೇನೆ. ಒಂದು ಹಳೆಯ ಮಾನಿಟರ್ ತಂದು ಅದರ ಮುಖವನ್ನು ಗಿರಾಕಿಯ ಕಡೆಗೆ ತಿರುಗಿಸಿ ಇಡಿರಿ. ಬಹಳಷ್ಟು ಕಂಪ್ಯೂಟರುಗಳ ಬೆನ್ನಿನಲ್ಲಿ ಎರಡು ಮಾನಿಟರಿಗೆ ಜಾಗ ಇರುತ್ತದೆ. ವಿಂಡೋಸ್ ಗುರುತಿನ ಕೀಲಿಯನ್ನು ಹಿಡಿದು ಪಿ ಒತ್ತಿದರೆ ಎರಡರಲ್ಲಿಯೂ ಒಂದೇ ಚಿತ್ರ ತೋರಿಸುವ ಆಯ್ಕೆ ಬರುತ್ತದೆ. ಎರಡೂ ಒಂದೇ ಆಕಾರದವು ಇರಲಿ, ಚೌಕವಾದರೆ ಎರಡೂ ಚೌಕ. ಇಲ್ಲದಿದ್ದರೆ ಒಂದರಲ್ಲಿ ಅಕ್ಷರ ಮಸುಕಾಗುತ್ತದೆ. ಅರ್ಜಿ ಕಳಿಸುವ ಮುಂಚೆ ಹೆಸರಿನ ಅಕ್ಷರ ನೋಡಿಕೋ ಕಾಕಾ ಎಂದರೆ, ನೋಡಬೇಕಾದವರು ಕುರ್ಚಿ ಸುತ್ತಿ ನಿಮ್ಮ ಬೆನ್ನ ಹಿಂದೆ ಬರಬೇಕಾಗುವುದಿಲ್ಲ. ಹೆಸರಿನಲ್ಲಿ ಒಂದು ಒತ್ತು ತಪ್ಪಿದರೆ ಆಧಾರಿಗೂ ಉತಾರಕ್ಕೂ ಹೊಂದದೆ ಜತ್ತಿಗೆ ನಾಲ್ಕು ಸಲ ಓಡಾಡುವವರು ಅವರೇ.

ಇನ್ನು ಅಂಗಡಿಯ ಮಾತು. ನಮಗೆ ಒಂದು ಕಡೆ ವಿಜಯಪುರ, ಇನ್ನೊಂದು ಕಡೆ ಸೊಲ್ಲಾಪುರ, ಮತ್ತೊಂದು ಕಡೆ ಮಿರಜ, ಸಾಂಗಲಿ. 2017ರ ಜುಲೈ 1ಕ್ಕೆ ಜಿ.ಎಸ್.ಟಿ. ಬಂದಮೇಲೆ ಗಡಿಯ ಈಚೆಗೊಂದು ಆಚೆಗೊಂದು ತೆರಿಗೆ ಎಂಬ ಲೆಕ್ಕವಿಲ್ಲ. ಅದಕ್ಕೇ ನಾನು ಹೇಳುವುದು, ನಿಮ್ಮ ಊರಿನಿಂದ ದಿನಕ್ಕೆ ಹೆಚ್ಚು ಬಸ್ಸು ಇರುವ ಪೇಟೆಯಲ್ಲಿ ಕೊಳ್ಳಿರಿ. ಕೆಟ್ಟರೆ ತಿರುಗಿ ಒಯ್ಯುವ ಹಾದಿ ಸುಲಭ ಇದ್ದರೆ ಮಾತ್ರ ಗ್ಯಾರಂಟಿಗೆ ಬೆಲೆ. ಪಾವತಿ ಇಲ್ಲದೆ ಕೊಳ್ಳಬೇಡಿರಿ. ಹೊಸದರ ಅರ್ಧ ಬೆಲೆ ದಾಟಿದರೆ ಹಳೆಯದರ ಆಸೆ ಬಿಡುವುದು ಒಳ್ಳೆಯದು.

ಅಂಗಡಿಗೆ ಹೋದ ಕೂಡಲೇ ಮಾನಿಟರಿನ ಬೆನ್ನ ಮೇಲೆ ಕೈ ಇಟ್ಟು ನೋಡಿರಿ. ಬೆಚ್ಚಗಿದ್ದರೆ ನೀವು ಬರುವ ಮೊದಲೇ ಹಚ್ಚಿ ಇಟ್ಟಿದ್ದಾರೆ ಎಂದು ತಿಳಿಯಿರಿ. ಅದರಲ್ಲಿ ಮೋಸ ಇರಲೇಬೇಕೆಂದಿಲ್ಲ. ಆದರೆ ಹಳೆಯ ಮಾನಿಟರಿನ ರೋಗ ಕಾಣುವುದು ತಣ್ಣಗಿರುವಾಗ. ಆರಿಸಿಸಿ, ಚಹಾ ಕುಡಿದು ಬಂದು, ಅರ್ಧ ತಾಸಿನ ಮೇಲೆ ಮತ್ತೆ ಹಚ್ಚಿಸಿರಿ. ಚಿತ್ರ ಒಂದೆರಡು ಸೆಕೆಂಡ್ ಬಂದು ಕತ್ತಲಾದರೆ ಹಿಂದಿನ ದೀಪ ಇಲ್ಲವೆ ಅದಕ್ಕೆ ವಿದ್ಯುತ್ ಕೊಡುವ ಭಾಗ ಹೋಗುತ್ತಿದೆ. ಹಚ್ಚಿದ ಮೇಲೆ ಮಿಣುಕು ಮಿಣುಕು ಎಂದು ಬಹಳ ಹೊತ್ತಿಗೆ ನಿಂತರೆ ಒಳಗಿನ ಕೆಪ್ಯಾಸಿಟರುಗಳ ತಲೆ ಉಬ್ಬಿರುವುದು ಹೆಚ್ಚು. ಇದು ಕಡಿಮೆ ಖರ್ಚಿನಲ್ಲಿ ಆಗುವ ರಿಪೇರಿ, ಟಿ.ವಿ. ರಿಪೇರಿ ಬಲ್ಲವರು ಅರ್ಧ ದಿನದಲ್ಲಿ ಮಾಡಿಕೊಡುತ್ತಾರೆ. ದೀಪದ ಟ್ಯೂಬು ಹೋದರೆ ರಿಪೇರಿಯ ಗೋಜಿಗೆ ಹೋಗಬಾರದು. ಪಡದೆಯಲ್ಲಿ ನೆಟ್ಟನೆಯ ಬಣ್ಣದ ಗೆರೆ ಇದ್ದರೆ ಅದು ಮದ್ದಿಲ್ಲದ ರೋಗ. ಒಂದು ಇಡೀ ಬಿಳಿ ಪುಟ, ಒಂದು ಇಡೀ ಕರಿ ಪುಟ ಹಾಕಿಸಿ ನೋಡಿದರೆ ಸತ್ತ ಚುಕ್ಕೆ, ಒತ್ತಿದ ಕಲೆ ಎಲ್ಲ ಹೊರಬೀಳುತ್ತವೆ. ಮೂಲೆಯಲ್ಲಿ ಒಂದೆರಡು ಸತ್ತ ಚುಕ್ಕೆ ಇದ್ದರೆ ಬೆಲೆ ಇಳಿಸಿ ಕೇಳಿರಿ, ನಡುವೆ ಇದ್ದರೆ ಬಿಡಿರಿ.

ವಾಯರಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಹಳೆಯ ಮಾನಿಟರಿನ ವಾಯರಿನ ತುದಿಯಲ್ಲಿ ನೀಲಿ ಬಣ್ಣದ, ಹದಿನೈದು ಸೂಜಿಯ ಪಿನ್ನು ಇರುತ್ತದೆ. ಅದು ವಿ.ಜಿ.ಎ., 1987ರಲ್ಲಿ ಐ.ಬಿ.ಎಂ. ಕಂಪನಿ ತಂದದ್ದು. ಈಚಿನ ಎಷ್ಟೋ ಕಂಪ್ಯೂಟರುಗಳಲ್ಲಿ ಎಚ್.ಡಿ.ಎಂ.ಐ. ಜಾಗ ಮಾತ್ರ ಇರುತ್ತದೆ. ನಡುವೆ ಒಂದು ಕನ್ವರ್ಟರ್ ಬೇಕು. ಕೇಳುವಾಗ ಎಚ್.ಡಿ.ಎಂ.ಐ.ಯಿಂದ ವಿ.ಜಿ.ಎ.ಗೆ ಹೋಗುವುದು ಎಂದು ಬಿಡಿಸಿ ಕೇಳಿರಿ. ವಿ.ಜಿ.ಎ.ಯಿಂದ ಎಚ್.ಡಿ.ಎಂ.ಐ.ಗೆ ಹೋಗುವುದು ಬೇರೆ ಸಾಮಾನು, ನೋಡಲು ಒಂದೇ ತರಹ, ಅದಲು ಬದಲು ಮಾಡಿದರೆ ನಡೆಯುವುದಿಲ್ಲ. ನೀಲಿ ಪಿನ್ನಿನ ಮೇಲೆ ಚಿತ್ರ ಒಂದು ಬದಿಗೆ ಸರಿದಿದ್ದರೆ, ಅಕ್ಷರ ನಡುಗುತ್ತಿದ್ದರೆ ಮಾನಿಟರಿನ ಆಟೋ ಎಂಬ ಗುಂಡಿ ಒತ್ತಿರಿ. ಅರ್ಧದಷ್ಟು ದೂರು ಅಲ್ಲಿಗೇ ಮುಗಿಯುತ್ತವೆ. ಕೆಲವು ಮಾನಿಟರುಗಳಿಗೆ ಲ್ಯಾಪ್‌ಟಾಪಿನಂತೆ ಹೊರಗೆ ಅಡಾಪ್ಟರ್ ಇರುತ್ತದೆ. ಅದನ್ನು ಕೊಡದೆ ಮಾನಿಟರ್ ಮಾತ್ರ ಕೊಟ್ಟರೆ ಆಮೇಲೆ ಹುಡುಕುವುದು ದೊಡ್ಡ ತೊಂದರೆ.

ತರುವಾಗ ಎಸ್.ಟಿ. ಬಸ್ಸಿನ ಟಪ್ಪಿನ ಮೇಲೆ ಹಾಕಬೇಡಿರಿ. ಚಪ್ಪಟೆ ಮಾನಿಟರನ್ನು ಮಲಗಿಸಬಾರದು, ನಿಲ್ಲಿಸಿಯೇ ತರಬೇಕು. ಪಡದೆಯ ಮೇಲೆ ಅದರಷ್ಟೇ ಅಗಲದ ರಟ್ಟು ಇಟ್ಟು ಕಂಬಳಿ ಸುತ್ತಿ, ಮೊಣಕಾಲ ನಡುವೆ ಹಿಡಿದು ಕುಳಿತುಕೊಳ್ಳಿರಿ.

ಮನೆಗೆ ಬಂದ ಮೇಲೆ ಮೊದಲ ಶತ್ರು ನಮ್ಮ ವಿದ್ಯುತ್ತು. ಚೀಟಿಯ ಮೇಲೆ 100ರಿಂದ 240 ವೋಲ್ಟ್ ಎಂದು ಇದ್ದರೆ ಕಡಿಮೆ ವೋಲ್ಟೇಜಿಗೆ ಮಾನಿಟರ್ ಅಂಜುವುದಿಲ್ಲ. ಅದನ್ನು ಕೊಲ್ಲುವುದು ಲೈಟು ಹೋಗಿ ಬರುವಾಗಿನ ಹೊಡೆತ, ಮತ್ತು ಮಿಂಚು. ರೋಹಿಣಿ, ಮೃಗಶಿರದ ಗುಡುಗು ಕೇಳಿದ ಕೂಡಲೇ ಗುಂಡಿ ಆರಿಸಿದರೆ ಸಾಲದು, ಪಿನ್ನನ್ನೇ ಗೋಡೆಯಿಂದ ಕೀಳಬೇಕು. ಇಂಟರ್ನೆಟ್ಟಿನ ವಾಯರನ್ನೂ ಕೀಳಬೇಕು. ಎರಡನೆಯದು ಅರ್ಥಿಂಗ್. ಮಾನಿಟರಿನ ಪಿನ್ನಿನ ತಿರುಪು ಮುಟ್ಟಿದಾಗ ಬೆರಳಿಗೆ ಚುರ್ ಎಂದರೆ ಮಾನಿಟರ್ ಕೆಟ್ಟಿದೆ ಎಂದು ತಿರುಗಿ ಒಯ್ಯಬೇಡಿರಿ, ಮೊದಲು ನಿಮ್ಮ ಮನೆಯ ಅರ್ಥಿಂಗ್ ನೋಡಿಸಿರಿ. ನಮ್ಮ ಒಣ ನೆಲದಲ್ಲಿ ಬೇಸಿಗೆ ಬಂದರೆ ಅರ್ಥಿಂಗ್ ಗುಂಡಿ ಒಣಗಿ ಕೆಲಸ ಬಿಡುತ್ತದೆ. ಇದ್ದಲು, ಉಪ್ಪು ಹಾಕಿ ಮಾಡಿದ ಗುಂಡಿಗೆ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು ಹಾಕಬೇಕು. ಪಾತ್ರೆ ತೊಳೆದ ನೀರಾದರೂ ಆದೀತು. ಕಂಪ್ಯೂಟರ್ ಮತ್ತು ಮಾನಿಟರ್ ಎರಡಕ್ಕೂ ಒಂದೇ ಬೋರ್ಡಿನಿಂದ ಮೂರು ಸೂಜಿಯ ಪಿನ್ನಿನಲ್ಲಿಯೇ ವಿದ್ಯುತ್ ಕೊಡಿರಿ.

ಧೂಳಿಗೆ ಹಳೆಯ ಮೆತ್ತನೆಯ ಧೋತರದ ತುಂಡು ಸಾಕು. ಬಿಡದ ಕಲೆ ಇದ್ದರೆ ಬಟ್ಟೆಯನ್ನು ನಸು ಒದ್ದೆ ಮಾಡಿ ಒರೆಸಿರಿ, ಪಡದೆಯ ಮೇಲೆ ನೀರು ಚಿಮುಕಿಸಬೇಡಿರಿ. ಸೀಮೆ ಎಣ್ಣೆ, ಪೆಟ್ರೋಲು ಹತ್ತಿರ ತರಬೇಡಿರಿ. ದಸರೆಯ ಖಂಡೆ ಪೂಜೆಗೆ ವಿಭೂತಿ ಕುಂಕುಮ ಹಚ್ಚುವುದು ನಮ್ಮ ಪದ್ಧತಿ; ಅಂಚಿನ ಪ್ಲಾಸ್ಟಿಕ್ಕಿಗೆ ಹಚ್ಚಿರಿ, ಪಡದೆಯ ಹಣೆಗೆ ಬೇಡ. ಒಳಗೆ ಬೀಳದ ಹಾಗೆ ಹಿಂದಿನ ರಂಧ್ರಗಳನ್ನೂ ನೋಡಿಕೊಳ್ಳಿರಿ, ಆದರೆ ಧೂಳು ಬೀಳುತ್ತದೆಂದು ಚಾಲೂ ಇರುವಾಗ ಬಟ್ಟೆ ಹೊದಿಸಬಾರದು.

ಕುಳಿತು ಓದುವ ಜಾಗ ಆರಿಸುವಾಗ ಬಾಗಿಲ ಬೆಳಕು ಪಡದೆಯ ಎದುರಿಗೂ ಬೀಳಬಾರದು, ಓದುವವರ ಕಣ್ಣೆದುರೂ ಬರಬಾರದು. ಒಂದು ಬದಿಯಿಂದ ಬರಬೇಕು. ಪಡದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಇರಲಿ. ಮಕ್ಕಳಿಗಾದರೆ ಮಾನಿಟರನ್ನು ತಗ್ಗಿಸಿರಿ ಇಲ್ಲವೆ ಅವರ ಕುರ್ಚಿಯ ಮೇಲೆ ಒಂದು ಗಾದಿ ಹಾಕಿರಿ. ಇಪ್ಪತ್ತು ನಿಮಿಷಕ್ಕೊಮ್ಮೆ ಹೊರಗಿನ ಬೇವಿನ ಮರವನ್ನೋ ದೂರದ ಗುಡ್ಡವನ್ನೋ ನೋಡಿಸಿರಿ. ಅಕ್ಷರ ಚಿಕ್ಕದಾಗಿ ಕಾಣುತ್ತದೆ ಎಂದು ಮಗು ಮುಖ ಮುಂದೆ ಚಾಚಿದರೆ ಗದರಿಸುವುದಕ್ಕಿಂತ ಅಕ್ಷರವನ್ನೇ ದೊಡ್ಡದು ಮಾಡುವುದು ಸುಲಭ. ಹಾಗೆ ಮಾಡಿದ ಮೇಲೂ ಚಾಚಿದರೆ ಕಣ್ಣಿನ ಡಾಕ್ಟರಿಗೆ ತೋರಿಸಬೇಕು.

ಕೊನೆಗೆ ಮನೆಯಲ್ಲಿ ಇನ್ನೂ ಉಳಿದಿರುವ ಡಬ್ಬಾ ಮಾನಿಟರಿನ ಮಾತು. ನಡೆಸುವವರು ಅದರ ಬೆಳಕು ಮಿಣುಕುವ ವೇಗವನ್ನು 60ರಲ್ಲಿ ಬಿಡದೆ 75ಕ್ಕೋ 85ಕ್ಕೋ ಏರಿಸಿರಿ, ಕಣ್ಣುರಿ ಕಡಿಮೆಯಾಗುತ್ತದೆ. ಹತ್ತಿರ ಸ್ಪೀಕರ್ ಇಟ್ಟರೆ ಅದರ ಅಯಸ್ಕಾಂತಕ್ಕೆ ಮೂಲೆಯಲ್ಲಿ ಬಣ್ಣದ ಕಲೆ ಬೀಳುತ್ತದೆ. ರೇಡಿಯೋವನ್ನೂ ದೂರ ಇಡಿರಿ. ಮೀಡಿಯಂ ವೇವ್ ಕೇಳುವಾಗ ಗೊರಗೊರ ಸದ್ದು ಬಂದರೆ ನಿಲಯದವರನ್ನು ಬೈಯುವ ಮುಂಚೆ ಮಾನಿಟರ್ ಆರಿಸಿ ನೋಡಿರಿ. ಅದರ ಬೆನ್ನು ಮಾತ್ರ ಎಂದಿಗೂ ಬಿಚ್ಚಬೇಡಿರಿ. ಒಳಗೆ 25 ಸಾವಿರ ವೋಲ್ಟಿನ ಆಸುಪಾಸಿನ ಒತ್ತಡ ಇರುತ್ತದೆ, ಪಿನ್ನು ಕಿತ್ತ ಮೇಲೂ ಅದು ಗಾಜಿನ ಕೊಳವೆಯಲ್ಲಿ ನಿಂತಿರಬಲ್ಲದು.

ಕೆಟ್ಟುಹೋದಾಗ ಓಣಿಯಲ್ಲಿ ಭಂಗಾರದವನ ಕೂಗು ಕೇಳುತ್ತದೆ. ಮರಾಠಿಯ ಭಂಗಾರ, ಅಂದರೆ ಗುಜರಿ. ನಮ್ಮ ಬಂಗಾರ, ಅಂದರೆ ಚಿನ್ನ. ನಡುವೆ ಇರುವುದು ಒಂದು ಸೀಳು ಮಾತ್ರ. ಆತ ಬರುವುದು ಒಳಗಿನ ತಾಮ್ರದ ಸುರುಳಿಗಾಗಿ. ಅದನ್ನು ಕೀಳಲು ಅಲ್ಲಿಯೇ ಕೊಳವೆಯ ಕುತ್ತಿಗೆ ಮುರಿದು ಗಾಜನ್ನು ಹಳ್ಳಕ್ಕೋ ಬದುವಿಗೋ ಎಸೆದು ಹೋಗುವುದುಂಟು. ಗಾಳಿಯಿಲ್ಲದ ಆ ಬುರುಡೆ ಒಡೆದಾಗ ಚೂರು ಸಿಡಿದು ಕಣ್ಣಿಗೆ ಬೀಳಬಹುದು. ಅದಕ್ಕಿಂತ ದೊಡ್ಡ ಕೇಡು ಗಾಜಿನಲ್ಲಿರುವ ಸೀಸ. ಕೊಳವೆಯ ಹಿಂಬದಿಯ ಗಾಜಿನಲ್ಲಿ ಐದರಲ್ಲೊಂದು ಪಾಲಿಗೂ ಹೆಚ್ಚು ಸೀಸದ ಆಕ್ಸೈಡ್ ಇರುತ್ತದೆ. ಹಳ್ಳದಲ್ಲಿ ಬಿದ್ದ ಚೂರುಗಳಿಂದ ಸೀಸ ಮಣ್ಣಿಗೆ, ನೀರಿಗೆ ಇಳಿಯಬಲ್ಲದು. ಅದು ಮಕ್ಕಳ ಮಿದುಳಿಗೆ ವಿಷ. ನೀರಿಗಾಗಿ ಇಷ್ಟು ಹಂಬಲಿಸುವ ತಾಲ್ಲೂಕಿನಲ್ಲಿ ಇದ್ದ ಬಾವಿಗೆ ನಾವೇ ಇದನ್ನು ಸೇರಿಸಬೇಕೆ? ಕೇಂದ್ರ ಸರಕಾರದ ಇ-ತ್ಯಾಜ್ಯದ ನಿಯಮಗಳು 2012ರ ಮೇ 1ರಿಂದ ಜಾರಿಗೆ ಬಂದವು, ಹೊಸ ನಿಯಮಗಳು 2023ರ ಏಪ್ರಿಲ್ 1ರಿಂದ. ಇಂಥ ಸಾಮಾನನ್ನು ನೋಂದಣಿ ಪಡೆದ ಮರುಬಳಕೆಯ ಘಟಕಗಳೇ ಒಡೆಯಬೇಕೆಂದು ಅವು ಹೇಳುತ್ತವೆ. ಆ ಘಟಕಗಳು ನಮ್ಮ ಹಳ್ಳಿಯ ತನಕ ಬರುವುದಿಲ್ಲ ಎಂಬುದು ನಿಜ. ಅಲ್ಲಿಯವರೆಗೆ ಊರಿನ ಐದಾರು ಮನೆಯವರು ಕೂಡಿ ಕೆಟ್ಟ ಡಬ್ಬಾಗಳನ್ನು ಒಂದು ಕಡೆ ನೆರಳಿನಲ್ಲಿ, ಒಡೆಯದ ಹಾಗೆ, ಮಕ್ಕಳ ಕೈಗೆ ಸಿಗದ ಹಾಗೆ ಇಡಿರಿ. ಮುಂದೆ ಸಾಂಗಲಿಗೋ ಸೊಲ್ಲಾಪುರಕ್ಕೋ ಯಾರದಾದರೂ ಟೆಂಪೊ ಖಾಲಿ ಹೋಗುವಾಗ, ನೋಂದಣಿ ಇರುವವರನ್ನು ಮೊದಲೇ ಫೋನಿನಲ್ಲಿ ವಿಚಾರಿಸಿ, ಇಡಿಯಾಗಿಯೇ ಕಳಿಸಿಕೊಡಿರಿ.